ಹುಣಸೆಮರದ ತನಕ

ಮಧುಗಿರಿ ಬೆಟ್ಟ ಕಾಣದೇ ಇರೋದಕ್ಕೆ ಸಾಧ್ಯವೇ ಇಲ್ಲ. ಪಾವಗಡದ ಕಡೆಯಿಂದ ಬಸ್ಸಲ್ಲಿ ಬಂದರೆ, ಊರು ಇನ್ನೂ ಎಷ್ಟೋ ದೂರ ಇರುವಾಗಲೇ ಅದು ಕಿಟಕಿ ತುಂಬಾ ನಿಂತುಬಿಡುತ್ತೆ. ಒಂದೇ ಬಂಡೆ, ಆಕಾಶಕ್ಕೇ ಅಡ್ಡ. ತೂಕಡಿಸ್ತಾ ಇರೋರೂ ಅದನ್ನ ನೋಡಿ ಚೀಲ ಎತ್ತಿಕೊಳ್ಳೋಕೆ ಶುರು ಮಾಡ್ತಾರೆ. ಅವತ್ತು ಕಿಟಕಿ ಪಕ್ಕ ಕೂತಿದ್ದ ನಮ್ಮತ್ತೆ ಕಂಬಿ ಹಿಡ್ಕೊಂಡು ಸರಿಯಾಗಿ ಆ ಬೆಟ್ಟದ ಕಡೆಗೇ ಮುಖ ಮಾಡಿ ಕೇಳಿದರು:

"ಬೆಟ್ಟ ಬಂತೇನೇ?"

ನಾನು ತಿರುಗಿ ಅವರ ಮುಖ ನೋಡಿದೆ. ಕಣ್ಣು ಮಂಜಾಗಿದೆ ಅಂತ ಗೊತ್ತಿತ್ತು, ಅದಕ್ಕೇ ಡಾಕ್ಟರ ಹತ್ತಿರ ಹೊರಟಿದ್ದು. ಆದರೆ ಇಷ್ಟು ಅಂತ ಗೊತ್ತಿರಲಿಲ್ಲ. ಈ ಹೆಂಗಸು ಮನೆಯಲ್ಲಿ ಯಾರಿಗೂ ಬಿಟ್ಟುಕೊಡದೆ, ಗೋಡೆ ಸವರಿಕೊಂಡು, ದನಿ ಕೇಳಿ ಆಳು ಗುರುತು ಹಿಡಿದು, ಎಲ್ಲಾ ಕಾಣ್ತಾ ಇರೋ ಹಾಗೆ ನಡೆಸಿಕೊಂಡು ಬಂದಿದ್ದರು.

"ಬಂತು ಅತ್ತೆ, ಇಳಿಯೋಣ ಏಳಿ," ಅಂದೆ.

ಕಣ್ಣಿನ ಡಾಕ್ಟರು ಒಳ್ಳೆಯವರು, ಆದರೆ ಮಾತು ನೇರ. ಎರಡೂ ಕಣ್ಣಿಗೆ ಪೊರೆ ದಪ್ಪವಾಗಿ ಕಟ್ಟಿದೆ, ಆಪರೇಷನ್ ಮಾಡಿದರೆ ಬೆಳಕು ಬರುತ್ತೆ ಅಂದರು. ಅತ್ತೆ ಮುಖ ಅರಳಿತು. ಆಮೇಲೆ ಡಾಕ್ಟರು ರಕ್ತದ ರಿಪೋರ್ಟು ನೋಡಿ ತಲೆ ಅಲ್ಲಾಡಿಸಿದರು. ಸಕ್ಕರೆ ಇಷ್ಟು ಏರಿರುವಾಗ ನಾನು ಕಣ್ಣು ಮುಟ್ಟೋಲ್ಲ, ಗಾಯ ಮಾಯದೆ ಕೀವಾದರೆ ಇರೋ ಬೆಳಕೂ ಹೋಗುತ್ತೆ, ಮೊದಲು ಅದನ್ನ ಇಳಿಸಿಕೊಂಡು ಬನ್ನಿ, ಶಿವರಾತ್ರಿ ಕಳೀಲಿ, ಆಗ ನೋಡೋಣ. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಬರೆದುಕೊಟ್ಟಿದ್ದಾರಲ್ಲ, ಅದರ ಜೊತೆಗೆ ದಿನಾ ನಡೀಬೇಕು.

ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು: "ಕಾಣಲ್ಲ ಅಂತ ತಾನೆ ನಿಮ್ತಾವ ಬಂದಿರಾದು ಸಾಮಿ? ಕಾಣ್ದಿದ್ಮೇಲೆ ಹೆಂಗೆ ನಡೀಲಿ?"

ಡಾಕ್ಟರು ರಿಪೋರ್ಟು ಮಡಚಿ ನನ್ನ ಕೈಗಿಟ್ಟರು. ಮುಂದಿನವರನ್ನ ಕರೀರಿ ಅಂದರು. ಬಸ್ಸಲ್ಲಿ ವಾಪಸ್ ಬರೋವಾಗ ಅತ್ತೆ ಕಿಟಕಿ ಸೀಟು ನನಗೆ ಬಿಟ್ಟುಕೊಟ್ಟರು.

ನಾನು ಕೊಳಾಲದ ಕಡೆಯವಳು, ಕೊರಟಗೆರೆ ತಾಲ್ಲೂಕು. ಮದುವೆಯಾಗಿ ಬಂದಿದ್ದು ರಾಯಚರ್ಲು ಹತ್ತಿರದ ಊರಿಗೆ, ಅಂದರೆ ಮನೆಯೊಳಗೆ ಅರ್ಧ ಕನ್ನಡ ಅರ್ಧ ತೆಲುಗು ಓಡಾಡೋ ಸೀಮೆಗೆ. ಇಲ್ಲಿನ ಹೈಸ್ಕೂಲಲ್ಲಿ ಪಿ.ಟಿ. ಟೀಚರು. ವಿಸಲ್ ಊದಿ ಊದಿ ನನ್ನ ಗಂಟಲು ದಪ್ಪ, ಸಿಟ್ಟು ಮೂಗಿನ ತುದಿಯಲ್ಲೇ. ಯಜಮಾನರು ಬಸ್ ಕಂಡಕ್ಟರು, ಮಧುಗಿರಿ ಡಿಪೋ. ಡ್ಯೂಟಿ ಮುಗಿದ ದಿನ ಮನೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮನೆಯಲ್ಲಿ ಮುಖ ಮುಖ ನೋಡಿಕೊಂಡಿರೋರು ಅತ್ತೆ ಸೊಸೆ ನಾವಿಬ್ಬರೇ. ನನ್ನನ್ನ ಅವರು ಕರೆಯೋದು "ಪೀಟಿಯಮ್ಮ" ಅಂತ, ಅದೂ ಸಿಟ್ಟು ಬಂದಾಗ. ಪ್ರೀತಿ ಬಂದಾಗ "ಒಸೇ".

ನಾನು ಬಂದ ಹೊಸದರಲ್ಲಿ ಆಕೆ ಕೂತಿದ್ದನ್ನ ನೋಡಿದವಳೇ ಅಲ್ಲ. ಹೊತ್ತು ಮೂಡೋ ಮುಂಚೆ ಹೊಲ, ಕಳೆ, ಕಡ್ಲೆಕಾಯಿ ಕೀಳೋದು, ಹಸುವಿಗೆ ಹುಲ್ಲಿನ ಹೊರೆ, ಬಾವಿಯಿಂದ ನೀರು. ಮುದ್ದೆ ನುಂಗ್ತಾ ಇದ್ದಿದ್ದೂ ಕುಕ್ಕರುಗಾಲಲ್ಲಿ, ಅರ್ಧ ಎದ್ದ ಹಾಗೆ. ಆಮೇಲೆ ಸೋಲಾರ್ ಪಾರ್ಕು ಬಂತು. ಸುತ್ತಮುತ್ತ ಎಲ್ಲರ ಹಾಗೆ ನಾವೂ ಹೊಲವನ್ನ ಬಾಡಿಗೆಗೆ ಕೊಟ್ಟೆವು. ತಪ್ಪು ಅಂತ ನಾನು ಹೇಳೋಲ್ಲ. ಮಳೆ ನಂಬಿಕೊಂಡಿದ್ದ ನೆಲಕ್ಕೆ ಬಿಸಿಲೇ ಬೆಳೆ ಆಯಿತು, ಮನೆಗೆ ಹೆಂಚು ಹೋಗಿ ತಾರಸಿ ಬಂತು, ಅಂಗಳದಲ್ಲಿ ನಲ್ಲಿ ಬಂತು. ನಮ್ಮ ಯಜಮಾನರು ಪಡಸಾಲೆಗೆ ಒಂದು ದಿವಾನ ಕಾಟು ತಂದು ಹಾಕಿ, ಊರಿಗೆಲ್ಲ ಕೇಳೋ ಹಾಗೆ ಅಂದರು: "ಸಾಕಮ್ಮ ನೀನು ದುಡಿದಿದ್ದು. ಇನ್ಮೇಲೆ ಕೂತುಣ್ಣು."

ಕೂತುಣ್ಣೋದು! ನಮ್ಮ ಕಡೆ ಹೆಂಗಸಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಬಂದವರೆಲ್ಲ "ಪುಣ್ಯವಂತೆ ಕಣಮ್ಮ ನೀನು, ಮಗ ಸೊಸೆ ದುಡಿದು ಹಾಕ್ತಾರೆ, ಕೂತುಣ್ತೀಯ" ಅಂದು ಬಾಯಿ ಚಪ್ಪರಿಸಿ ಹೋಗೋರು. ಅತ್ತೆಯೂ ಆ ಕಾಟಿನ ಮೇಲೆ ಕಾಲು ಚಾಚಿ, ದೇವರ ಪಟದ ಥರ ಕೂತುಬಿಟ್ಟರು. ಮಗ ಕೊಟ್ಟ ಮರ್ಯಾದೆ ಅದು, ಎದ್ದರೆ ಮಗನಿಗೆ ಅವಮಾನ. ಬಿಂದಿಗೆ ಮುಟ್ಟಿದರೂ ಅಕ್ಕಪಕ್ಕದವರು "ಯಾಕಮ್ಮ, ಸೊಸೆ ನೋಡ್ಕೊಳ್ಳಲ್ವಾ?" ಅಂತ ನನ್ನ ಕಡೆ ಕಣ್ಣು ಹಾಯಿಸೋರು. ನಾನೂ ಬಾಯಿ ಮುಚ್ಚಿಕೊಂಡು ಬಿಂದಿಗೆ ಕಸಿದುಕೊಳ್ಳುತ್ತಿದ್ದೆ. ಹೀಗೆ ಎಲ್ಲರೂ ಸೇರಿ, ಪ್ರೀತಿಯಿಂದಲೇ, ಆಕೆಯನ್ನ ಕೂರಿಸಿದೆವು. ಮುದ್ದೆಯ ಗಾತ್ರ ಮಾತ್ರ ಮೊದಲಿನದೇ. ಆಮೇಲೆ ಬಾಯಿ ಒಣಗೋದು, ರಾತ್ರಿ ಏಳೋದು, ಕಾಲು ಜೋಮು, ಸಕ್ಕರೆ ಕಾಯಿಲೆ ಅನ್ನೋ ಹೆಸರು, ಆಮೇಲೆ ಕಣ್ಣು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ನಮ್ಮ ಹೊಲದ ಮೂಲೆಯಲ್ಲಿ ಒಂದು ಹುಣಸೆಮರ ಇತ್ತು. ಅತ್ತೆ ಮದುವೆಯಾಗಿ ಬಂದಾಗಲೇ ಅದು ದೊಡ್ಡ ಮರವಂತೆ. ಬುತ್ತಿ ಉಂಡಿದ್ದು ಅದರ ಕೆಳಗೆ, ಮಕ್ಕಳಿಗೆ ತೊಟ್ಟಿಲು ಕಟ್ಟಿದ್ದು ಅದಕ್ಕೆ. ಬಾಡಿಗೆಗೆ ಕೊಟ್ಟು ಕೆಲವು ವರ್ಷ ಆದಮೇಲೆ ಸೋಲಾರ್‌ನೋರು ನೆಲ ಮಟ್ಟ ಮಾಡೋವಾಗ ಆ ಮರ ಹೋಯಿತು. ಸೋಲಾರ್ ಪ್ಲೇಟುಗಳ ಮೇಲೆ ನೆರಳು ಬೀಳಬಾರದಲ್ಲ. ಆಗಾಗಲೇ ಅತ್ತೆಗೆ ದೂರದ್ದು ಮಂಜಾಗಿತ್ತು. ಅವತ್ತು ಉಣ್ಣೋಕೆ ಕೂತಾಗ ಮಗನನ್ನ ಕೇಳಿದರು: "ಮರ ಬುಟ್ಟವ್ರೇನಪ್ಪಾ?" ನಮ್ಮ ಯಜಮಾನರು ಬಾಯಲ್ಲಿ ತುತ್ತು ಇಟ್ಕೊಂಡು "ಹೂಂ, ಬುಟ್ಟವ್ರೆ" ಅಂದುಬಿಟ್ಟರು. ಅಷ್ಟೇ. ಕಾಟು ಬಿಟ್ಟು ಎಲ್ಲಿಗೂ ಹೋಗದ ಹೆಂಗಸಿಗೆ ಯಾರು ಹೇಳ್ತಾರೆ? ಊರಿಗೆ ಊರೇ ಅದನ್ನ ನುಂಗಿಕೊಂಡಿತು.

ಮಧುಗಿರಿಯಿಂದ ಬಂದ ಮಾರನೇ ದಿನ ನಾನು ಅತ್ತೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಪಿ.ಟಿ. ಓದುವಾಗ ನಮಗೂ ಶರೀರಶಾಸ್ತ್ರ ಇತ್ತು ಸ್ವಾಮಿ, ಬರೀ ಚೆಂಡು ಎಸೆಯೋದಲ್ಲ.

"ನೋಡಿ ಅತ್ತೆ," ಅಂದೆ. "ಉಂಡ ಮುದ್ದೆ, ಅನ್ನ ಎಲ್ಲಾ ಕೊನೆಗೆ ಸಕ್ಕರೆ ಆಗಿ ರಕ್ತಕ್ಕೆ ಬರುತ್ತೆ. ಅದು ರಕ್ತದಲ್ಲೇ ಸುತ್ತುತಾ ಇರಬಾರದು, ಒಳಗೆ ಸೇರಬೇಕು. ಹೆಚ್ಚು ಪಾಲು ಸೇರೋದು ತೊಡೆ, ಮೀನಖಂಡ, ತೋಳು, ಇಂಥಾ ಮಾಂಸಖಂಡಕ್ಕೆ. ಆದರೆ ಅಲ್ಲಿ ಬಾಗಿಲು ಮುಚ್ಚಿರುತ್ತೆ. ಇನ್ಸುಲಿನ್ ಅಂತ ಒಂದು ರಸ ಮೈಯಲ್ಲೇ ಹುಟ್ಟುತ್ತೆ, ಅದು ಬಂದು ಬಾಗಿಲು ತಟ್ಟಿದರೆ ಒಳಗಿನೋರು ತೆಗೀತಾರೆ. ನಿಮಗೆ ಆಗಿರೋದು ಏನು ಗೊತ್ತಾ? ಅದು ತಟ್ಟಿದರೂ ಒಳಗಿನೋರಿಗೆ ಕೇಳಿಸ್ತಾ ಇಲ್ಲ."

"ಕಿವುಡ್ರಾಗವ್ರೆ?"

"ಹೂಂ, ಕಿವುಡರಾಗವ್ರೆ. ಕೂತೂ ಕೂತೂ. ಆದರೆ ಕಾಲು ನಡೆಯೋಕೆ ಶುರು ಮಾಡಿತು ಅನ್ನಿ, ಆಗ ಆ ಖಂಡಕ್ಕೇ ಹಸಿವಾಗುತ್ತೆ. ಯಾರೂ ತಟ್ಟೋದು ಬೇಡ, ಅದೇ ಎದ್ದು ಹಿತ್ತಲ ಬಾಗಿಲು ತೆಗೆದು ಸಕ್ಕರೆ ಒಳಗೆ ಎಳ್ಕೊಳ್ಳುತ್ತೆ."

ಪುಸ್ತಕದ ಪ್ರಕಾರ ಬಾಗಿಲು ಎರಡಲ್ಲ. ಗ್ಲುಟ್ ಫೋರ್ ಅಂತ ಬಾಯಿಪಾಠ ಮಾಡಿದ್ದೆ. ಕೋಶದ ಒಳಗೆ ಎತ್ತಿಟ್ಟಿರೋ ಸಣ್ಣ ಸಣ್ಣ ಬಾಗಿಲುಗಳು ಅವು. ಅವನ್ನ ಮೇಲಕ್ಕೆ ತಂದು ನಿಲ್ಲಿಸೋಕೆ ದಾರಿ ಎರಡು: ಒಂದು ಇನ್ಸುಲಿನ್ನು, ಇನ್ನೊಂದು ಸ್ನಾಯು ತಾನೇ ಬಿಗಿದು ಸಡಿಲ ಆಗೋದು. ಮೊದಲನೇ ದಾರಿ ಕೆಟ್ಟಿದ್ದರೂ ಎರಡನೇದು ಕೆಟ್ಟಿರೋಲ್ಲ. ನನಗೆ ಇದು ಕಾಲೇಜಲ್ಲಿ ಮಾರ್ಕಿಗೆ ಬಂದ ಪ್ರಶ್ನೆ. ಅತ್ತೆಗೆ ಹಿತ್ತಲ ಬಾಗಿಲು ಅಂದ ಕೂಡಲೇ ಅರ್ಥವಾಯಿತು. ಮಾವ ಮುಂಬಾಗಿಲಲ್ಲಿ ಕೂತು ಕೆಮ್ಮುತ್ತಿದ್ದ ಕಾಲದಲ್ಲಿ ಊರ ಹೆಂಗಸರ ವ್ಯವಹಾರ ಪೂರ್ತಿ ನಡೀತಿದ್ದದ್ದು ಹಿತ್ತಲಲ್ಲೇ.

"ಅಂಗಾರೆ ನನ್ ಕಾಲಿಗೂ ಹಿತ್ತಲ ಬಾಗ್ಲು ಐತೆ ಅನ್ನು," ಅಂತ ಮೊಣಕಾಲು ಸವರಿಕೊಂಡು ನಕ್ಕರು. "ಸರ್ಲೇ. ನಾಳೆಯಿಂದ ನಡೀತೀನಿ. ಊರೊಳಗಿನ ಬೀದಿಗೆ ನಂಗೆ ಕಣ್ಣು ಬ್ಯಾಡ."

ನಾನು ಸ್ಕೂಲಿಗೆ ಹೋದ ಮೇಲೆ, ಹೊತ್ತು ಏರೋ ಮುಂಚೆ, ವೈರ್ ಬ್ಯಾಗು ಹಿಡ್ಕೊಂಡು ಹೊರಡೋದು ಅಂತ ಆಯಿತು. ಬ್ಯಾಗು ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಕೆಲವು ವಾರ ಆದಮೇಲೆ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರೆ, ಸಕ್ಕರೆ ಇಳಿಯೋದಿರಲಿ, ಇನ್ನೂ ಮೇಲೆ ಹತ್ತಿ ಕೂತಿದೆ! ನರ್ಸು ನನ್ನ ಮುಖ ನೋಡ್ತಾಳೆ, ನಾನು ಅತ್ತೆ ಮುಖ ನೋಡ್ತೀನಿ, ಅತ್ತೆ ಗೋಡೆ ನೋಡ್ತಾರೆ.

"ಮಾತ್ರೆ ಬಿಟ್ರಾ?"

"ನಿನ್ನಾಣೆ ಬುಟ್ಟಿಲ್ಲ."

"ನಡೀತಾ ಇದೀರಾ ಇಲ್ವಾ?"

"ದಿನಾ ನಡೀತೀನಲ್ಲೇ! ಊರೆಲ್ಲಾ ಸುತ್ತೀನಿ!"

ಒಂದು ದಿನ ರಜೆ ಹಾಕಿ ಹಿಂದೆ ಹಿಂದೆ ಹೋದೆ. ಆಗ ಗೊತ್ತಾಯಿತು ನೋಡಿ. ನಮ್ಮ ಕಡೆ ಹೊರಟವರನ್ನ "ಎಲ್ಲಿಗೆ?" ಅಂತ ಕೇಳಬಾರದು, ಅಪಶಕುನ. "ದೂರಾನಾ?" ಅಂತ ಕೇಳ್ತಾರೆ. ಕೇಳೋದಂತೂ ಕೇಳಿಯೇ ಕೇಳ್ತಾರೆ, ಜಗುಲಿ ಜಗುಲಿಯಿಂದಲೂ. ಕೇಳಿದ ಮೇಲೆ ಉತ್ತರ ಕೊಡಬೇಕು. ಸುಮ್ಮನೆ ನಡೀತಾ ಇದೀನಿ ಅನ್ನೋ ಉತ್ತರ ನಮ್ಮೂರಲ್ಲಿ ಇಲ್ಲ. ಕೆಲಸ ಇಲ್ಲದೆ ಬೀದಿ ಸುತ್ತೋಳು ಅಂದರೆ ತಲೆ ಕೆಟ್ಟವಳು, ಇಲ್ಲಾ ಸೊಸೆ ಮನೆಯಿಂದ ಓಡಿಸಿದವಳು. ಅದಕ್ಕೇ ಆ ಖಾಲಿ ಬ್ಯಾಗು.

ಮೊದಲನೇ ಜಗುಲಿಯಿಂದ "ದೂರಾನಾ?" ಅಂತ ಬಂತು. ಅತ್ತೆ ನಿಂತು "ಇಲ್ಲೇ ಕಣಮ್ಮ, ನಿಮ್ಮನೇಗೇ ಬಂದೆ" ಅಂದರು. ಒಳಗೆ ಹೋದರು. ಬಂದವರಿಗೆ ಕಾಫಿ ಕೊಡದೇ ಕಳಿಸ್ತಾರಾ? ಲೋಟದ ತುಂಬ ಕಾಫಿ, ಚಮಚ ನಿಲ್ಲೋ ಅಷ್ಟು ಸಕ್ಕರೆ. ಬೇಡ ಅಂದರೆ ಆ ಮನೆಯವರಿಗೆ ಅವಮಾನ. ಸಪ್ಪೆ ಕಾಫಿ ಕೊಟ್ಟರೆ ಅವರಿಗೇ ಮನಸ್ಸು ಬರಲ್ಲ. ಅಲ್ಲಿಂದ ಎದ್ದು ನಾಲ್ಕು ಹೆಜ್ಜೆ ಹಾಕೋ ಹೊತ್ತಿಗೆ ಮುಂದಿನ ಜಗುಲಿ: "ದೂರಾನಾ?" "ಇಲ್ಲೇ, ನಿಮ್ಮನೇಗೇ!" ಮತ್ತೆ ಕಾಫಿ, ಅಲ್ಲೊಂದು ಕಡ್ಲೆಕಾಯಿ ಉಂಡೆ. ಹಿತ್ತಲ ಬಾಗಿಲಿಂದ ಹಿಡಿಯಷ್ಟು ಒಳಗೆ ಹೋದರೆ, ಮುಂದಿನಿಂದ ಮೂಟೆ ಬರ್ತಾ ಇತ್ತು.

ನಾನು ಬೀದಿ ಮಧ್ಯೆ ನಿಂತು ಕಿರುಚಿಬಿಟ್ಟೆ. "ಅತ್ತೇ! ನೀವು ನಡೆಯೋಕೆ ಹೊಂಟಿದೀರೋ, ತಿಥಿ ಊಟಕ್ಕೆ ಹೊಂಟಿದೀರೋ? ಕಣ್ಣು ಬೇಕೋ ಬ್ಯಾಡ್ವೋ ನಿಮಗೆ?"

ಅತ್ತೆ ಕೈಯಲ್ಲಿ ಉಂಡೆ ಹಿಡ್ಕೊಂಡು ಹಾಗೇ ನಿಂತರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ಬೇಕು ಕಣೇ. ಯಾಕೆ ಬ್ಯಾಡ. ನಿನ್ ಮುಖ ನೋಡಿ ಎರ್ಡು ವರ್ಸ ಆಯ್ತು. ಬೈಯೋವಾಗ ಎಂಗಾಗ್ತೀಯ ಅಂತ ನೋಡ್ಬೇಕು ನಂಗೆ."

ನನ್ನ ಸಿಟ್ಟು ಅಲ್ಲೇ ಕರಗಿಹೋಯಿತು. ಕೈ ಹಿಡಿದು ಮನೆಗೆ ಕರ್ಕೊಂಡು ಬಂದೆ. ದಾರಿಯಲ್ಲಿ ಉಂಡೆಯನ್ನ ಕಸಿದು ನಾನೇ ತಿಂದೆ.

ಅದೇ ವಾರ ತಾಲ್ಲೂಕು ಮಕ್ಕಳನ್ನ ಕರ್ಕೊಂಡು ಶಿರಾಕ್ಕೆ ಕ್ರೀಡಾಕೂಟಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಪಕ್ಕದ ಚಪ್ಪಲಿ ಅಂಗಡಿಯಲ್ಲಿ ಅತ್ತೆಗೆ ಶೂ ಬೇಕು ಅಂದೆ. ಕಾಲಿಗೆ ಗಾಯ ಆಗಬಾರದು, ಸಕ್ಕರೆಯವರಿಗೆ ಅದು ಬೇರೆ ತಲೆನೋವು. ಅಂಗಡಿಯ ಸಾಬರು ಒಂದು ಜೊತೆಯನ್ನ ಎರಡೂ ಕಡೆ ಬಗ್ಗಿಸಿ ತೋರಿಸಿದರು: "ಬಿಲ್ಕುಲ್ ನರಮ್ ಐತೆ ಮೇಡಂ. ಅಮ್ಮನ ಕಾಲಿಗೆ ತಕ್ಲೀಫೇ ಇಲ್ಲ." ಬಣ್ಣ ಮಾತ್ರ ಗಿಳಿಹಸಿರು. ಬೇರೆ ಬಣ್ಣ ಆ ಅಳತೆಯಲ್ಲಿ ಇರಲಿಲ್ಲ. ಇರಲಿ, ಅವರಿಗೆ ಹೇಗೂ ಕಾಣಲ್ಲ ಅಂತ ತಗೊಂಡೆ. ಸೀರೆ ಕೆಳಗೆ ಆ ಶೂ ಹಾಕಿಸಿದಾಗ ಅತ್ತೆ ಕಾಲೆತ್ತಿ ಎತ್ತಿ ಇಟ್ಟು, "ಎರ್ಡು ಬೆಕ್ಕಿನ ಮರಿ ಮೆಟ್ಕೊಂಡಂಗೈತೆ" ಅಂದರು.

ಇನ್ನು ಮೇಲೆ ಊರೊಳಗೆ ಬೇಡ, ಊರ ಹೊರಗೆ, ನಾನು ಸ್ಕೂಲಿಂದ ಬಂದ ಮೇಲೆ, ನನ್ನ ಜೊತೆ, ಅಂತ ತೀರ್ಮಾನ ಮಾಡಿದೆ. ಸೋಲಾರ್ ಬೇಲಿ ಪಕ್ಕದ ರಸ್ತೆ ಅಂಗೈ ಥರ ಸಮ, ಒಂದು ಕಲ್ಲಿಲ್ಲ. ಅತ್ತೆ ಎಲ್ಲಾ ಕೇಳಿಸಿಕೊಂಡು, "ಎಲ್ಲೀಗಂಟ?" ಅಂದರು.

"ಸುಮ್ನೆ, ಬೇಲಿ ಉದ್ದಕ್ಕೂ."

"ಸುಮ್ನೆ ಅಂದ್ರೆ ಆಗಲ್ಲ. ಯಾರಾನ ದೂರಾನಾ ಅಂದ್ರೆ ಏನಂತ ಹೇಳಾದು?" ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಮುಖ ಬೆಳಗಿತು. "ಹುಣಸೆಮರದ ತನಕ. ನಮ್ ಹುಣಸೆಮರದ ತನಕ ಹೋಗಿ ಬರಾನ."

ಇಲ್ಲ ಅನ್ನಬೇಕಿತ್ತು. ಆ ಮುಖ ನೋಡಿಕೊಂಡು ಹೇಗೆ ಅನ್ನಲಿ? "ಆಯ್ತು ಅತ್ತೆ, ನಡೀರಿ," ಅಂದೆ.

ಅವತ್ತು ನನ್ನ ಮೊಣಕೈ ಹಿಡ್ಕೊಂಡು, ಇನ್ನೊಂದು ಕೈಯ ಕೋಲಿನಿಂದ ತಂತಿಬೇಲಿ ಮುಟ್ಟಿಕೊಂಡು ಬಂದರು. ಬೇಲಿಯ ಆಚೆ ನೀಲಿ ಪ್ಲೇಟುಗಳು ದಿಗಂತದ ತನಕ ಪಶ್ಚಿಮಕ್ಕೆ ತಿರುಗಿಕೊಂಡು ನಿಂತಿದ್ದವು, ಎಲ್ಲೋ ಒಂದು ಮಿಷನ್ ಗುಂಯ್ ಅಂತಿತ್ತು. ಅತ್ತೆಗೆ ಅದೆಲ್ಲ ಲೆಕ್ಕಕ್ಕಿಲ್ಲ. "ಇದು ದೊಡ್ಡೋರ ಹೊಲ. ಇಲ್ಲಿಂದ ಏರು. ಈಗ ನಮ್ದು ಬಂತು. ಇಲ್ಲೊಂದು ಕಾಲ್ದಾರಿ ಇತ್ತು," ಅಂತ ಪಾದದಲ್ಲೇ ಓದಿಕೊಂಡು ಬಂದರು. ಬೇಲಿ ತಿರುಗೋ ಮೂಲೆಯಲ್ಲಿ ಒಂದು ಹಳೇ ಬಾಂದುಕಲ್ಲು ಉಳಿದಿತ್ತು. ಅಲ್ಲಿಗೆ ಬಂದು ನಿಂತರು. ಉಸಿರು ಏರಿತ್ತು.

"ಬಂತಲ್ವೇನೇ?"

ಎದುರಿಗೆ ತಂತಿ, ತಂತಿಯ ಹಿಂದೆ ಕಬ್ಬಿಣದ ಕಂಬ, ಮೇಲೆ ಬರೀ ಆಕಾಶ.

"ಬಂತು ಅತ್ತೆ," ಅಂದೆ.

ಅವರು ಬಾಂದುಕಲ್ಲಿನ ಮೇಲೆ ಕೂತರು. ಮುಖ ಮೇಲೆತ್ತಿದರು. ನಾನು ಬೇರೆ ಕಡೆ ನೋಡ್ತಾ ನಿಂತೆ. ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು "ನಡಿ, ದೀಪ ಹಚ್ಚಬೇಕು" ಅಂತ ಎದ್ದರು.

ಹೀಗೆ ಶುರುವಾಯಿತು. ದಿನಾ ಸಂಜೆ ಗಿಳಿಹಸಿರು ಶೂ, ಕೋಲು, ನನ್ನ ಮೊಣಕೈ. ಜಗುಲಿಯಿಂದ "ದೂರಾನಾ?" ಅಂದರೆ ಅತ್ತೆ ಗತ್ತಿನಿಂದ "ಹುಣಸೆಮರದ ತನಕ" ಅನ್ನೋರು. ಕೇಳಿದವರು ಒಂದು ಕ್ಷಣ ತಡವರಿಸಿ ನನ್ನ ಕಡೆ ನೋಡೋರು. ನಾನು ಕಣ್ಣು ದೊಡ್ಡದು ಮಾಡ್ತಿದ್ದೆ. "ಹೋಗಿ ಬನ್ನಿ ಬನ್ನಿ," ಅನ್ನೋರು. ಒಬ್ಬ ಮುದುಕಪ್ಪ ಮಾತ್ರ, ಬಾಯಿಗೆ ಬೀಗ ಇಲ್ಲದೋನು, "ಯಾವ ಹುಣಸೆಮರ ಅಮ್ಮಣ್ಣೀ..." ಅಂತ ರಾಗ ತೆಗೆದ. ಕತ್ತಿಗೆ ನೇತಾಕಿದ್ದ ವಿಸಲ್ ತೆಗೆದು ಊದಿಬಿಟ್ಟೆ, ಮೈದಾನದಲ್ಲಿ ಊದೋ ಹಾಗೆ. ಬೀದಿ ನಾಯಿಗಳೆಲ್ಲ ಬೊಗಳಿದವು. ಮುದುಕಪ್ಪ ಬೆಚ್ಚಿಬಿದ್ದು ಒಳಗೆ ಹೋದ. "ಏಂಟೇ ಅದು?" ಅಂತ ಅತ್ತೆ. "ಏನಿಲ್ಲ ಬನ್ನಿ, ಎಮ್ಮೆ ಅಡ್ಡ ಬಂತು," ಅಂದೆ.

ಮೊದಲ ವಾರ ಕಾಲು ನೋವು, ಗೊಣಗಾಟ. ಆಮೇಲೆ ಉಸಿರು ಏರೋದು ಕಡಿಮೆ ಆಯಿತು. ಕಾಟಿನ ಮೇಲಿಂದ ಎದ್ದು ನಿಂತು ಮತ್ತೆ ಕೂರೋದು, ಕಂಬ ಹಿಡಿದು ಹಿಮ್ಮಡಿ ಎತ್ತೋದು, ಇದನ್ನೂ ಹೇಳಿಕೊಟ್ಟೆ. ಮಧ್ಯಾಹ್ನ ಮುದ್ದೆ ಉಂಡ ಕೂಡಲೇ ಪಡಸಾಲೆಯ ಆ ತುದಿಯಿಂದ ಈ ತುದಿಗೆ ಓಡಾಡೋರು. "ಸಕ್ಕರೆ ಈಗ ಬರ್ತಾ ಐತೆ, ಬಾಗ್ಲು ತೆಗೀಬೇಕು," ಅಂತ ತಮಗೆ ತಾವೇ ಹೇಳಿಕೊಂಡು. ತಲೆ ಸುತ್ತಿದರೆ ಇರಲಿ ಅಂತ ಸೆರಗಿನ ತುದಿಗೆ ಒಂದು ಚೂರು ಬೆಲ್ಲ ಕಟ್ಟಿಕೊಟ್ಟಿದ್ದೆ, ಮಾತ್ರೆ ತಗೊಳ್ಳೋರು ಬರೀ ಹೊಟ್ಟೆಯಲ್ಲಿ ನಡೆಯಬಾರದು. ಆ ಬೆಲ್ಲವನ್ನ ಆಕೆ ಮುಟ್ಟಲಿಲ್ಲ. ದಿನಾ ಬಿಚ್ಚಿ ತೋರಿಸಿ ಮತ್ತೆ ಕಟ್ಟಿಕೊಳ್ಳೋರು, ನನ್ನ ಮೇಲಿನ ಹಠಕ್ಕೆ.

ನಡುವೆ ನನಗೆ ಜ್ವರ ಬಂದು ಮಲಗಿದೆ, ನಡಿಗೆ ನಿಂತಿತು. ನಾನು ಏಳೋ ಹೊತ್ತಿಗೆ ಬೆರಳು ಚುಚ್ಚಿದರೆ ಸಕ್ಕರೆ ಮತ್ತೆ ತಲೆ ಎತ್ತಿತ್ತು. ಅತ್ತೆ ಗಾಬರಿಯಾದರು. ನಾನು ಹೇಳಿದೆ: ಒಂದು ಸಲ ನಡೆದರೆ ಅವತ್ತು, ಮಾರನೇ ದಿನ, ಹೆಚ್ಚು ಅಂದರೆ ಅದರಾಚೆ ದಿನದ ತನಕ ಆ ಖಂಡಕ್ಕೆ ಕಿವಿ ಚುರುಕಾಗಿರುತ್ತೆ, ಇನ್ಸುಲಿನ್ ತಟ್ಟಿದರೂ ಕೇಳುತ್ತೆ. ಖರ್ಚಾದ ಸಕ್ಕರೆಯನ್ನ ಮತ್ತೆ ತುಂಬಿಕೊಳ್ಳಬೇಕಲ್ಲ, ಅದಕ್ಕೆ. ಆಮೇಲೆ ಮತ್ತೆ ಕಿವುಡು. ಕೂಡಿಡೋಕೆ ಬರಲ್ಲ.

"ಹಸು ಇದ್ದಂಗೆ ಅನ್ನು," ಅಂದರು ಅತ್ತೆ. "ನಿನ್ನೆ ಹುಲ್ಲಾಕಿದೀನಿ ಅಂದ್ರೆ ಇವತ್ತು ಕೇಳ್ತದಾ?" ಅವತ್ತು ಸಂಜೆ ನನಗಿನ್ನೂ ಮೈ ಬಿಸಿ ಇತ್ತು. ತಾವೇ ಮುಂದೆ ಬಿದ್ದು ಶೂ ಹಾಕಿಕೊಂಡರು.

ಶಿವರಾತ್ರಿ ಹತ್ತಿರ ಬರುವಾಗ ಸಕ್ಕರೆ ಇಳೀತಾ ಬಂತು. ನರ್ಸು ಕೂಡ ಎರಡು ಸಲ ಚುಚ್ಚಿ ನೋಡಿದಳು. ನಾನು ಆರೋಗ್ಯ ಕೇಂದ್ರದಲ್ಲೇ ಅತ್ತೆಯನ್ನ ತಬ್ಬಿಕೊಂಡೆ. ಮಧುಗಿರಿ ಡಾಕ್ಟರು ರಿಪೋರ್ಟು ನೋಡಿ "ಭೇಷ್" ಅಂದು ದಿನ ಕೊಟ್ಟರು, ಮೊದಲು ಬಲಗಣ್ಣು.

ಖುಷಿ ಪಡೋದು ಬಿಟ್ಟು ನನಗೂ ಯಜಮಾನರಿಗೂ ನಿದ್ದೆ ಹಾರಿತು. ಕಣ್ಣು ಬಂದರೆ ಮರ ಇಲ್ಲ ಅಂತ ಕಾಣುತ್ತೆ.

"ನೀನೇ ಮೆಲ್ಲಗೆ ಹೇಳ್ಬುಡು," ಅಂದರು ಇವರು.

"ನಾನ್ಯಾಕೆ? ಬುಟ್ಟವ್ರೆ ಅಂದೋರು ಯಾರು? ಟಿಕೆಟ್ ಹರಿದಂಗೆ ಸುಳ್ಳು ಹರಿದುಕೊಟ್ಟು ಈಗ ನನ್ನ ಮುಂದೆ ತಳ್ತೀರಾ?"

"ನೀನು ದಿನಾ ಕರ್ಕೊಂಡೋಗಿ 'ಬಂತು ಅತ್ತೆ' ಅನ್ನಲಿಲ್ವಾ?"

ಅತ್ತೆ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೀತಾ ಇದ್ದರು. ನಾವಿಬ್ಬರೂ ಪಿಸುಪಿಸು ಜಗಳ ಆಡಿ ಆಡಿ, ಕೊನೆಗೆ ಯಾರೂ ಹೇಳಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಹೊರಗೆ ಕರ್ಕೊಂಡು ಬಂದೆವು. ಆಸ್ಪತ್ರೆ ಬಾಗಿಲು ದಾಟಿದ್ದೇ ಅತ್ತೆ ಗಕ್ಕನೆ ನಿಂತರು. ಎದುರಿಗೆ ಅಂಗಡಿ ಸಾಲಿನ ಮೇಲೆ ಬೆಟ್ಟ. ಕೋಟೆ ಗೋಡೆ ಬಂಡೆ ಮೇಲೆ ಹತ್ತಿ ಹೋಗಿರೋದು ಕೂಡ ಕಾಣ್ತಿತ್ತು ಅನ್ಸುತ್ತೆ, ಯಾಕಂದರೆ ಅವರ ಬೆರಳು ಗಾಳಿಯಲ್ಲಿ ಅದರ ಜೊತೆಗೇ ಮೇಲೆ ಹತ್ತುತ್ತಾ ಹೋಯಿತು. "ಅಬ್ಬಬ್ಬಾ," ಅಂದರು. "ಇಷ್ಟ್ ದೊಡ್ಡದಿತ್ತೇನೇ ಇದು?" ಆಮೇಲೆ ನನ್ನ ಕಡೆ ತಿರುಗಿ, ಗಲ್ಲ ಹಿಡಿದು ಮುಖವನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಕರ್ರಗಾಗಿದೀಯಲ್ಲೇ ಬಿಸಿಲಲ್ಲಿ ನಿಂತು ನಿಂತು." ಕಾಲ ಕಡೆ ಬಗ್ಗಿ ನೋಡಿದರು. "ಇದೇನೇ ಈ ಬಣ್ಣ! ಗಿಳಿ ಮರಿ! ಇದ್ನಾ ಇಷ್ಟ್ ದಿವ್ಸ ನನ್ ಕಾಲ್ಗೆ ಹಾಕಿ ಊರಲ್ಲೆಲ್ಲ ಮೆರೆಸಿದ್ದು ನೀನು?" ನಾನು ನಗ್ತಾ ಅಳ್ತಾ ಇದ್ದೆ. ನಮ್ಮ ಯಜಮಾನರು ಬಸ್ ಬಂತು ಬಸ್ ಬಂತು ಅಂತ ಮುಖ ಆ ಕಡೆ ತಿರುಗಿಸಿಕೊಂಡರು.

ಕೆಲವು ದಿನ ಧೂಳಿಗೆ ಹೋಗಬಾರದು ಅಂತ ಡಾಕ್ಟರು ಹೇಳಿದ್ದರು. ಅದು ನನಗೆ ದೇವರು ಕೊಟ್ಟ ರಜೆ ಆಯಿತು. ಆ ದಿನಗಳೂ ಮುಗಿದವು. ಒಂದು ಸಂಜೆ ಸ್ಕೂಲಿಂದ ಬಂದರೆ ಅತ್ತೆ ಗಿಳಿಹಸಿರು ಶೂ ಹಾಕಿಕೊಂಡು ಕಾಟಿನ ಅಂಚಲ್ಲಿ ಕೂತಿದ್ದಾರೆ.

"ನಡಿ. ಹುಣಸೆಮರದ ತನಕ."

"ಇವತ್ತು ಬೇಡ ಅತ್ತೆ, ಗಾಳಿ ಜಾಸ್ತಿ ಇದೆ."

"ಗಾಳಿ ಎಲ್ಲೈತೆ? ತಲೆ ಕೂದ್ಲು ಅಲ್ಲಾಡ್ತಾ ಇಲ್ಲ ನಿಂದು. ಕಾಣ್ತೈತೆ ನಂಗೆ."

ಮೊಣಕೈ ಹಿಡಿಯಲಿಲ್ಲ. ಕೋಲು ಕೂಡ ಮನೆಯಲ್ಲೇ ಬಿಟ್ಟರು. ನಾನೇ ಹಿಂದೆ ಹಿಂದೆ ಹೋದೆ. ಏರು ಬಂತು. ಕಾಲುದಾರಿ ಇದ್ದ ಜಾಗ ಬಂತು. ಅತ್ತೆ ಕಪ್ಪು ಕನ್ನಡಕದೊಳಗಿಂದ ಪ್ಲೇಟುಗಳ ಸಾಲನ್ನ ನೋಡ್ತಾ ನಡೆದರು. ಮೂಲೆ ಬಂತು. ಬಾಂದುಕಲ್ಲು, ತಂತಿ, ಕಂಬ, ಆಕಾಶ. ಅತ್ತೆ ಯಾವತ್ತಿನ ಹಾಗೆ ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟರು.

ನನಗೆ ತಡೆಯೋಕೆ ಆಗಲಿಲ್ಲ. "ಅತ್ತೆ, ಮರ..." ಅಂದೆ. ಅಳು ಬಂತು.

"ಒಸೇ, ಯಾಕೆ ಅಳ್ತೀಯ?" ಅಂದರು. "ಮೊದಲ್ನೇ ದಿವ್ಸಾನೇ ಗೊತ್ತಾಯ್ತು ಬುಡು. ಇಲ್ಲಿ ಬಂದು ಕೂತ್ರೆ ಬಿಸ್ಲು ಮುಖಕ್ಕೆ ಬಡೀತಾ ಐತೆ. ಒಂದು ಎಲೆ ಸದ್ದಿಲ್ಲ, ಕಾಲಡಿ ಒಂದು ಹುಣಸೆಕಾಯಿ ಸಿಪ್ಪೆನೂ ಇಲ್ಲ. ಸಂಜೆ ಹೊತ್ನಾಗೆ ಆ ಮರದ್ ತುಂಬಾ ಗಿಳಿ ಗಲಾಟೆ ಇರ್ತಿತ್ತು, ಒಂದಾದ್ರೂ ಕೂಗಬ್ಯಾಡ್ವಾ? ಕಣ್ಣು ಹೋಗಿತ್ತು ಕಣೇ, ಮೈ ಹೋಗಿರ್ಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ಇಷ್ಟು ದಿನ ನಾನು ಬಂತು ಬಂತು ಅಂತ..."

"ನೀನು ಬಂತು ಅಂದಾಗ ನಿನ್ ದನಿ ನಡುಗ್ತಿತ್ತು. ಪಾಪ, ಬೈಯೋಳು ನಡುಗ್ತಾವ್ಳಲ್ಲ ಅಂತ ಸುಮ್ಕಾದೆ." ಬಗ್ಗಿ ಶೂ ದಾರ ಬಿಗಿ ಮಾಡಿಕೊಂಡರು. "ಇನ್ನೊಂದೇನಂದ್ರೆ, ಮರ ಇಲ್ಲ ಅಂದ್ಬುಟ್ರೆ ಮಾರ್ನೇ ದಿವ್ಸ ಎಲ್ಲಿಗೋಗ್ಲಿ ನಾನು? ಹೋಗಾಕೊಂದು ಜಾಗ ಬ್ಯಾಡ್ವಾ?"

ನಾನು ಅವರ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಅವರ ಕೈ ನನ್ನ ತಲೆ ಮೇಲೆ ಬಂತು. ಅತ್ತೆಯ ನೆರಳು ಬೆನ್ನ ಹಿಂದೆ ಉದ್ದಕ್ಕೆ ಬಿದ್ದಿತ್ತು.

ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಆ ದಾರಿಯಲ್ಲಿ ಬಂದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಅವಳ ಮುಖವನ್ನ ಆಸೆಯಿಂದ ನೋಡಿದರು. ಅವಳು ಹೊರೆಯನ್ನ ಒಂದು ಕೈಯಲ್ಲಿ ಹಿಡ್ಕೊಂಡು ನಿಂತಳು.

"ಇದೇನಮ್ಮ ಅತ್ತೆ ಸೊಸೆ ಇಬ್ರೂ ಇಲ್ಲಿ? ದೂರಾನಾ?"

"ಹುಣಸೆಮರದ ತನಕ ಬಂದಿದ್ವಿ ಕಣಮ್ಮ," ಅಂದರು ನಮ್ಮತ್ತೆ. "ಈಗ ಮನೆಗೆ ಹೊಂಟ್ವಿ."